ಮುಂದಿನ ಸಾಲಿನ ಜಾಗ

ಆಂಗ್ ಮೋ ಕಿಯೋ, ಸಿಂಗಾಪುರ
೯ ಆಗಸ್ಟ್ ೧೯೯೪

ಭಾಗೀರಥಿ ಅತ್ತಿಗೆಗೆ ಜಯರಾಮನ ನಮಸ್ಕಾರ.

ಕ್ಷೇಮವೆಂದು ಬರೆಯಲು ಈ ಸಲ ನನ್ನ ಬಳಿ ಡಾಕ್ಟರರ ಮಾತೇ ಉಂಟು. ನಿಮ್ಮ ತಂಗಿ ಸುಂದರಿ ತೀರಿಹೋದ ಮೇಲೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ ಎಂದು ಹಿಂದೆ ಬರೆದಿದ್ದೆನಲ್ಲ, ಅದಕ್ಕೆ ಮಗಳು ಅಮಿತಾ ಹಿಡಿದುಕೊಂಡು ಹೋಗಿ ತೋರಿಸಿದಳು. ಡಾಕ್ಟರ್ ಹುಡುಗ, ಚೀನೀಯವನು, ನನ್ನ ಬೆನ್ನಿಗೂ ಎದೆಗೂ ಕೊಳವೆ ಇಟ್ಟು ನೋಡಿ, “ಅಂಕಲ್, ಹಾರ್ಟ್ ಓಕೆ ಲಾ. ಎವೆರಿ ಡೇ ಸಿಟ್ ಅಟ್ ಹೋಮ್, ಸೋ ಮೈಂಡ್ ನಾಟ್ ಓಕೆ. ಗೋ ಡೌನ್, ಎಕ್ಸರ್ಸೈಜ್. ಲಿಸನ್ ಟು ಯುವರ್ ಬಾಡಿ” ಎಂದ. ದೇಹ ಹೇಳುವುದನ್ನು ಕೇಳಬೇಕಂತೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ‘ಹಿಯರ್’ ಬೇರೆ, ‘ಲಿಸನ್’ ಬೇರೆ ಎಂದು ಒಂದು ಪೀರಿಯಡ್ ಪೂರ್ತಿ ಹೇಳಿದ್ದರು. ವ್ಯತ್ಯಾಸ ಉಂಟು ಎಂಬುದು ನೆನಪಿದೆ, ಯಾವುದು ಎಂಬುದು ಮರೆತಿದೆ.

ಅಮಿತಾಳನ್ನು ಅವಳ ಕಂಪೆನಿಯವರು ಟ್ರೈನಿಂಗ್ ಎಂದು ಪೆನಾಂಗಿಗೆ ಕಳುಹಿಸಿದ್ದಾರೆ. ಸೆಪ್ಟೆಂಬರಿನವರೆಗೆ ನಾನೊಬ್ಬನೇ. ಗಾಬರಿ ಬೇಡ. ಫ್ರಿಜ್ಜಿನ ತುಂಬ ಸಾರು, ಪಲ್ಯ ಮಾಡಿಟ್ಟು ಹೋಗಿದ್ದಾಳೆ. ಈ ದಿನ ಇಲ್ಲಿ ರಾಷ್ಟ್ರೀಯ ಹಬ್ಬ, ಬ್ಲಾಕಿನ ಪ್ರತಿ ಕಿಟಕಿಯಲ್ಲೂ ಕೆಂಪು ಬಿಳಿ ಬಾವುಟ. ನಮ್ಮ ಕಿಟಕಿ ಮಾತ್ರ ಬೋಳು, ಬಾವುಟ ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬ್ಲಾಕಿನ ಕೆಳಗೆ ಕಂಬಗಳ ನಡುವೆ ಗೋಡೆಯಿಲ್ಲದ ದೊಡ್ಡ ಜಾಗ ಉಂಟು, ವಾಯ್ಡ್ ಡೆಕ್ ಎನ್ನುತ್ತಾರೆ. ಅಲ್ಲಿ ಬೆಳಿಗ್ಗೆ ಚೀನೀ ಮುದುಕರು ಮುದುಕಿಯರು ಸಾಲುಸಾಲಾಗಿ ನಿಂತು ನಿಧಾನಕ್ಕೆ ಕೈಕಾಲು ಆಡಿಸುತ್ತಾರೆ. ನೀರಿನೊಳಗೆ ನಡೆದಷ್ಟು ನಿಧಾನ. ಮೇಡಂ ಚುವಾ ಎಂಬ ಹೆಂಗಸು ಹಿಂದಿನ ಕಂಬದ ಹತ್ತಿರ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅಲ್ಲಿಂದಲೇ ಹೇಳಿಕೊಡುತ್ತಾಳೆ. ಮೊನ್ನೆ ಆದಿತ್ಯವಾರ ಧೈರ್ಯ ಮಾಡಿ ಇಳಿದೆ. ಎಷ್ಟು ಮರ್ಯಾದೆಯ ಜನ ಅತ್ತಿಗೆ! ಹಿಂದೆ ಎಲ್ಲ ಒತ್ತೊತ್ತಾಗಿ ನಿಂತಿದ್ದರೂ ಮುಂದಿನ ಸಾಲನ್ನು ಪೂರ್ತಿ ಖಾಲಿ ಬಿಟ್ಟಿದ್ದರು. ಹೊಸಬ, ವಯಸ್ಸಾದವ ಎಂದು ನನಗಾಗಿ ಬಿಟ್ಟದ್ದಿರಬೇಕು. ಹೋಗಿ ಮಧ್ಯದಲ್ಲಿ ನಿಂತೆ. ಯಾರೂ ಒಂದು ಮಾತಾಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಡಿಸಿಪ್ಲಿನ್ ಎಂದರೆ ಅದು.

ನಿನ್ನೆಯೂ ಈ ದಿನವೂ ಹೋದೆ. ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತದಲ್ಲ, ಆ ಸಾಲಿನಲ್ಲಿ ನಿಂತರೆ ಸುಮ್ಮನಿರುತ್ತದೆ.

ಇತಿ,
ಜಯರಾಮ

ಆಂಗ್ ಮೋ ಕಿಯೋ
೧೬ ಆಗಸ್ಟ್ ೧೯೯೪

ಅತ್ತಿಗೆಗೆ ನಮಸ್ಕಾರ.

ನಿಮ್ಮ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ, ಯಾಕೆಂದರೆ ಸಂತೋಷವನ್ನು ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ. ಮಲ್ಪೆಯ ಬಂದರು ಕಚೇರಿಯಲ್ಲಿ ಅಷ್ಟು ವರ್ಷ ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಿ ಬರೀ ದೂರುಗಳನ್ನೇ ಬರೆದವನು ನಾನು. ಈ ಸಲ ಹೇಳಿಕೊಳ್ಳಲು ದೂರೇ ಇಲ್ಲ.

ಮೊಣಕಾಲು ಈಗ ಮನೆಯಲ್ಲೂ ಸುಮ್ಮನಿದೆ. ಕಿವಿಯಲ್ಲಿ ಜೀರುಂಡೆಯ ಹಾಗೆ ಕೂಗುತ್ತಿದ್ದದ್ದು ನಿಂತಿದೆ. ಸುಂದರಿಯ ಸೀರೆಗಳ ಕಪಾಟು ತೆರೆದರೂ ಎದೆ ಹಿಂಡುವುದಿಲ್ಲ. ಮೊನ್ನೆ ಮೇಡಂ ಚುವಾ ಎಲ್ಲರಿಗೂ, “ಹ್ಯಾಂಡ್ ಆನ್ ಚೆಸ್ಟ್, ಲಿಸನ್” ಎಂದಳು. ನಾನೂ ಎದೆಯ ಮೇಲೆ ಕೈಯಿಟ್ಟು ಕೇಳಿದೆ. ಹಿಂದಿನ ಸಾಲಿನ ಒಬ್ಬಳು, “ವಾ, ಮೈನ್ ಲೈಕ್ ಡ್ರಮ್!” ಎಂದು ನಕ್ಕಳು. ನನ್ನದು ಡಬ ಡಬ ಎನ್ನಲೇ ಇಲ್ಲ. ಎಷ್ಟು ಹೊತ್ತು ಕೈಯಿಟ್ಟರೂ ಒಳಗೆ ಒಂದು ಸದ್ದಿಲ್ಲ. ಎಂಥ ಶಾಂತಿ! ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಉಂಟು, ‘ಟ್ರಾಂಕ್’ ಎಂದು ಶುರುವಾಗುತ್ತದೆ, ಮುಂದಿನದು ಬರುತ್ತಿಲ್ಲ.

ಒಂದು ವಿಚಿತ್ರ. ಹಸಿವು ಕಡಿಮೆಯಾಗಿದೆ. ಕಡಿಮೆ ಎಂದರೆ, ಇಲ್ಲ. ಮೊದಮೊದಲು ರಾತ್ರಿಯ ಊಟ ಬಿಟ್ಟೆ, ಆಮೇಲೆ ಬೆಳಗಿನದು. ಮೊನ್ನೆ ಆದಿತ್ಯವಾರ ಏನೂ ತಿಂದಿರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಸೋಫಾದಲ್ಲಿ ಕೂತಿದ್ದಾಗ ಬಾಯಿ ತುಂಬ ಪತ್ರೊಡೆಯ ರುಚಿ! ಹಸಿ ಮಸಾಲೆ, ಬೆಲ್ಲ, ಹುಳಿ. ಹಿಂದೆಯೇ ಕೆಸುವಿನ ತುರಿಕೆ ಗಂಟಲಲ್ಲಿ. ಎರಡು ತಂಬಿಗೆ ನೀರು ಕುಡಿದರೂ ಹೋಗಲಿಲ್ಲ. ಹೊಟ್ಟೆ ತುಂಬಿ ತೇಗು ಬಂತು ಅತ್ತಿಗೆ, ಏನೂ ತಿನ್ನದೆ. ಈ ಊರಿನಲ್ಲಿ ಕೆಸುವಿನ ಎಲೆ ಎಲ್ಲಿ ಸಿಗುತ್ತದೆಂದೂ ನನಗೆ ಗೊತ್ತಿಲ್ಲ. ನೆನಪಿನಲ್ಲೇ ಹೊಟ್ಟೆ ತುಂಬುವುದಾದರೆ ಎಷ್ಟು ಲಾಭ!

ಹಾಂ, ಮುಂದಿನ ಸಾಲಿನಲ್ಲಿ ಈಗ ನಾನೊಬ್ಬನೇ ಅಲ್ಲ. ನನ್ನ ಎಡಗಡೆ ಯಾರೋ ನಿಲ್ಲುತ್ತಾರೆ. ಕತ್ತು ತಿರುಗಿಸಬಾರದು, ಎದುರಿನ ಹುಲ್ಲಿನ ಕಡೆಗೇ ನೋಡಬೇಕು ಎಂಬುದು ಕ್ರಮ, ಹಾಗಾಗಿ ಮುಖ ನೋಡಿಲ್ಲ. ಉಸಿರು ಮಾತ್ರ ಕೇಳುತ್ತದೆ. ಬಿಡುವ ಉಸಿರಿನ ಕೊನೆಯಲ್ಲಿ ಸಣ್ಣಗೆ ಒಂದು ಸೀಟಿ.

ಅಮಿತಾ ಫೋನ್ ಮಾಡಿದರೆ ಊಟದ ವಿಷಯ ಎತ್ತಬೇಡಿ. ಹುಡುಗಿ ಸುಮ್ಮನೆ ಹೆದರುತ್ತಾಳೆ.

ಇತಿ,
ಜಯರಾಮ

ಬ್ರಹ್ಮಾವರ
೧೮-೮-೯೪

ಜಯರಾಮರಿಗೆ ಭಾಗೀರಥಿ ಬರೆಯುವುದೇನೆಂದರೆ,

ನಿಮ್ಮ ಒಂಬತ್ತನೇ ತಾರೀಖಿನ ಪತ್ರ ಈ ದಿನ ಕೈಸೇರಿತು. ನೀವು ಮನೆಯಿಂದ ಕೆಳಗಿಳಿದಿರಿ ಎಂದು ಓದಿ ದೇವರಿಗೆ ದೀಪ ಹಚ್ಚಿದೆ. ಕೈಕಾಲು ಆಡಿದರೆ ಮನಸ್ಸೂ ಆಡುತ್ತದೆ. ನಾನೂ ಇಲ್ಲಿ ದಿನಾ ಬಾವಿಯಿಂದ ನಾನೇ ನೀರು ಸೇದುತ್ತೇನೆ. ಸೊಸೆ ಸತ್ಯವತಿ, “ಅತ್ತೆ, ಪಂಪು ಉಂಟಲ್ಲ, ನಿಮ್ಗೆಂತ ಹಟ?” ಎಂದು ಬೈಯುತ್ತಾಳೆ. ಹಗ್ಗ ಎಳೆಯದ ದಿನ ನನಗೆ ಸಿಟ್ಟು ಜಾಸ್ತಿ ಎಂದು ಅವಳಿಗೇ ಗೊತ್ತುಂಟು, ಆಮೇಲೆ ಸುಮ್ಮನಾಗುತ್ತಾಳೆ.

ಆಟಿ ತಿಂಗಳು ಮುಗಿಯುವ ಮೊದಲು, ಮೊನ್ನೆ ಆದಿತ್ಯವಾರ, ನಮ್ಮ ಹೋದವರಿಗೆ ಬಡಿಸಿದೆವು. ಅನ್ನ, ಕೋಳಿ ಸಾರು, ಪತ್ರೊಡೆ, ಪಾಯಸ. ಹೋದ ವರ್ಷ ನೀವೂ ಅಮಿತಾಳೂ ಬಂದಿದ್ದಾಗ ಸುಂದರಿಯನ್ನು ಹಿರಿಯರ ಜೊತೆ ಸೇರಿಸಿದೆವಲ್ಲ, ಅವಳಿಗೂ ಎಲೆ ಹಾಕಿದೆವು. ಎಲ್ಲ ಸರಿಯಾಗಿಯೇ ಆಯಿತು.

ಎರಡು ಮಾತು ಕೇಳುವುದುಂಟು, ತಪ್ಪು ತಿಳಿಯಬೇಡಿ. ಆ ಆದಿತ್ಯವಾರ ಮಧ್ಯಾಹ್ನ ನೀವು ಎಂತ ಊಟ ಮಾಡಿದಿರಿ? ಮರೆಯದೆ ಬರೆಯಿರಿ. ಇನ್ನೊಂದು, ಅಷ್ಟು ಜನ ಒತ್ತೊತ್ತಾಗಿ ನಿಂತು ಒಂದು ಸಾಲು ಖಾಲಿ ಬಿಡುವುದು ಎಂದರೆ ಎಂತ? ನಿಮಗೆ ಬಿಟ್ಟದ್ದು ಎಂದು ಯಾರಾದರೂ ಬಾಯಿ ಬಿಟ್ಟು ಹೇಳಿದರಾ?

ಹೊಟ್ಟೆ ತುಂಬ ಉಣ್ಣಿ.

ಭಾಗೀರಥಿ

ಆಂಗ್ ಮೋ ಕಿಯೋ
೨೫ ಆಗಸ್ಟ್ ೧೯೯೪

ಅತ್ತಿಗೆಗೆ,

ನಿಮ್ಮ ಪತ್ರ ಈಗಷ್ಟೇ ಬಂತು. ನೀವು ಡಿಟೆಕ್ಟಿವ್ ಯಾವಾಗ ಆದಿರಿ? ಆದಿತ್ಯವಾರದ ಊಟದ ವಿಷಯ ನನ್ನ ಎರಡನೇ ಪತ್ರದಲ್ಲಿ ಉಂಟು, ಈಗಾಗಲೇ ತಲುಪಿರಬೇಕು. ಉಣ್ಣಿ, ಉಣ್ಣಿ ಎಂದು ಪದೇಪದೇ ಬರೆಯಬೇಡಿ. ದೇಹ ಕೇಳಿದಾಗ ಕೊಡುವುದು. ಅದು ಕೇಳುತ್ತಿಲ್ಲ.

ಇಲ್ಲಿ ಈಗ ಏನೋ ಹಬ್ಬದ ಕಾಲ. ರಸ್ತೆಯ ಬದಿಯಲ್ಲಿ ತಗಡಿನ ಡಬ್ಬಿಗಳಲ್ಲಿ ಬಣ್ಣದ ಕಾಗದ ಸುಡುತ್ತಾರೆ. ಹುಲ್ಲಿನ ಮೇಲೆ ಅನ್ನ, ಕಿತ್ತಳೆ, ಊದಿನಕಡ್ಡಿ. ಎದುರಿನ ಮೈದಾನದಲ್ಲಿ ಸ್ಟೇಜ್ ಕಟ್ಟಿ ಸಂಜೆ ಹಾಡು, ಕುಣಿತ. ನಾನೂ ಹೋಗಿದ್ದೆ. ಅಲ್ಲೂ ಅದೇ ಮರ್ಯಾದೆ! ಜನ ಹಿಂದೆ ನಿಂತು ನೋಡುತ್ತಾರೆ, ಮುಂದಿನ ಕೆಂಪು ಕುರ್ಚಿಗಳೆಲ್ಲ ಖಾಲಿ. ಹೋಗಿ ಕೂತೆ. ಏಳಿ ಎಂದು ಯಾರೂ ಹೇಳಲಿಲ್ಲ. ಹಾಡುವವಳು ನಮ್ಮ ಸಾಲಿಗೇ ಬಗ್ಗಿ ನಮಸ್ಕಾರ ಮಾಡಿದಳು. ನಮ್ಮ ಸಾಲು ಎಂದು ಬರೆದೆನಲ್ಲ, ಕೂತದ್ದು ನಾನೊಬ್ಬನೇ. ಆದರೂ ಎಡಗಡೆಯ ಕುರ್ಚಿ ಒಮ್ಮೆ ಕಿರ್ ಎಂದಿತು.

ಕಾಫಿ ಅಂಗಡಿಯವನಿಗೆ ಮಾತ್ರ ಸೊಕ್ಕು. ಎರಡು ಸಲ ಕಾಫಿ ಹೇಳಿದರೂ ತರಲಿಲ್ಲ, ನನ್ನ ಮೊಣಕೈ ಸುತ್ತ ಮೇಜು ಒರೆಸಿಕೊಂಡು ಹೋದ. ಅಮಿತಾ ಫೋನ್ ಮಾಡಿದ್ದಳು. “ಹಲೋ? ಹಲೋ? ಅಪ್ಪಾ, ಇದ್ದೀರಾ?” ಎಂದು ಕೇಳುತ್ತಲೇ ಇದ್ದಳು. “ಇಲ್ಲೇ ಇದ್ದೇನೆ ಮಗಾ, ಚೆನ್ನಾಗಿದ್ದೇನೆ” ಎಂದು ಎಷ್ಟು ಕೂಗಿದರೂ ಅವಳಿಗೆ ಕೇಳಲಿಲ್ಲ. ಕೊನೆಗೆ, “ಲೈನ್ ಸರಿ ಇಲ್ಲ ಅನ್ಸುತ್ತೆ, ಅಪ್ಪ ಎತ್ತಿದ್ದಾರೆ, ಆದ್ರೆ ಮಾತೇ ಇಲ್ಲ” ಎಂದು ಪಕ್ಕದಲ್ಲಿ ಯಾರಿಗೋ ಹೇಳಿ ಇಟ್ಟಳು. ನನಗೆ ಮಾತ್ರ ಅವಳ ಬಳೆಯ ಸದ್ದು ಕೂಡ ಕೇಳುತ್ತಿತ್ತು.

ಮುಂದಿನ ಸಾಲಿನ ಬಗ್ಗೆ ಕೇಳಿದ್ದೀರಿ. ಹೌದು, ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೂ ಇಲ್ಲ. ಅಲ್ಲಿ ನಿಂತಷ್ಟು ಹೊತ್ತು ನಾನು ವಿಧುರನಲ್ಲ, ಇಷ್ಟು ಮಾತ್ರ ಬರೆಯುತ್ತೇನೆ. ಎಡಗಡೆಯವರು ಕೈ ಎತ್ತಿದಾಗ ನನ್ನ ಕೈ ತಾನಾಗಿ ಏಳುತ್ತದೆ. ನಿನ್ನೆ ಆ ಕಡೆಯ ಬೆರಳು ನನ್ನ ಕಿರುಬೆರಳಿಗೆ ತಾಗಿತು. ತಣ್ಣಗಿತ್ತು. ಸುಂದರಿಯ ಕೈ ಕೊನೆಯಲ್ಲಿ, ಆಸ್ಪತ್ರೆಯ ಏಸಿಯಲ್ಲಿ, ಹಾಗೇ ಇತ್ತು. ಉಸಿರಿನ ಸೀಟಿಯೂ. ಬೇರೇನೂ ಹೇಳುವುದಿಲ್ಲ. ನೀವು ಅವಳ ಅಕ್ಕ, ಹೊಟ್ಟೆಕಿಚ್ಚು ಪಡಬಾರದು.

ಜಯರಾಮ

ಬ್ರಹ್ಮಾವರ
೨೬-೮-೯೪

ಜಯರಾಮಾ,

ನೀವು ಗೀವು ಎಲ್ಲ ಬಿಟ್ಟೆ. ನಿನಗಿಂತ ದೊಡ್ಡವಳು ನಾನು, ಕೇಳು.

ನಿನ್ನ ಹದಿನಾರನೇ ತಾರೀಖಿನ ಪತ್ರ ಈಗ ಓದಿದೆ. ಕಾಗದ ಕೆಳಗಿಟ್ಟು ಹಿತ್ತಲಿಗೆ ಹೋಗಿ ವಾಂತಿ ಮಾಡಿ ಬಂದು ಬರೆಯುತ್ತಿದ್ದೇನೆ. ಹೋದ ಪತ್ರದಲ್ಲಿ ಎಲ್ಲ ಸರಿಯಾಗಿಯೇ ಆಯಿತು ಎಂದೆ. ಆಗಿರಲಿಲ್ಲ.

ಆ ದಿನ ಎಲೆ ಹಾಕಿದ್ದು ಸತ್ಯವತಿ. ಬಡಿಸಿ, ಕೈಮುಗಿದು, ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂತೆವು. ಹೋದವರು ಉಣ್ಣುವಾಗ ಬದುಕಿರುವವರು ನೋಡಬಾರದಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದರೆ, ಸುಂದರಿಯ ಎಲೆಯ ಪಕ್ಕದಲ್ಲಿ ಒಂದು ಎಲೆ ಹೆಚ್ಚು. ನಾನು, “ಇದು ಯಾರಿಗೆ ಹಾಕಿದ್ದು?” ಎಂದೆ. ಸತ್ಯವತಿ, “ಎಂತ ಅತ್ತೆ, ನೀವೇ ಹೇಳಿದ್ದಲ್ವಾ, ಸುಂದರಿ ಚಿಕ್ಕಮ್ಮನ ಹತ್ರ ಇನ್ನೊಂದು ಹಾಕು ಅಂತ?” ಎಂದಳು. ನನ್ನ ಮಕ್ಕಳಾಣೆ, ನಾನು ಹೇಳಿಲ್ಲ.

ಹೋದವರು ತೆಗೆದುಕೊಳ್ಳುವುದು ವಾಸನೆ ಮಾತ್ರ. ಅನ್ನ ಎಂದೂ ಕಡಿಮೆಯಾಗುವುದಿಲ್ಲ. ಉಳಿದ ಎಲೆಗಳೆಲ್ಲ ಬಡಿಸಿದ ಹಾಗೇ ಇದ್ದವು. ಸುಂದರಿಯದ್ದು ತುದಿ ಮಡಚಿತ್ತು, ಉಂಡು ತೃಪ್ತಿಯಾಗಿ ಹೋಗಿದ್ದಾಳೆ. ಆ ಹೆಚ್ಚಿನ ಎಲೆಯಲ್ಲಿ ಮಾತ್ರ ಅನ್ನ ಖಾಲಿಯಾಗಿತ್ತು. ಪತ್ರೊಡೆಯ ಹೊರಗಿನ ಪದರ ಸುಲಿದು ಎಲೆಯ ಎಡತುದಿಯಲ್ಲಿ ಗುಪ್ಪೆ ಹಾಕಿತ್ತು. ಗಂಟಲು ತುರಿಸುತ್ತದೆ ಎಂದು ಹಾಗೆ ಸುಲಿದು ತಿನ್ನುವ ಶನಿ ಈ ಕುಟುಂಬದಲ್ಲಿ ಒಬ್ಬನೇ. ಮದುವೆಯಾದ ಹೊಸತರಲ್ಲಿ ನಾವೆಲ್ಲ ನಿನ್ನನ್ನು ಎಷ್ಟು ನಗಾಡಿದ್ದೇವೆ!

ಜಯರಾಮಾ, ನಿನ್ನನ್ನು ಯಾರೋ ಹೋದವರ ಪಂಕ್ತಿಯಲ್ಲಿ ಕೂರಿಸಿಕೊಂಡಿದ್ದಾರೆ. ಒತ್ತೊತ್ತಾಗಿ ನಿಂತು ಒಂದು ಸಾಲು ಬಿಡುವುದು, ಆ ಕಡೆ ನೋಡದಿರುವುದು, ಇದು ಮರ್ಯಾದೆ ನಿಜ, ಆದರೆ ನಿನಗೆ ಮಾಡಿದ ಮರ್ಯಾದೆ ಅಲ್ಲ. ನಾವು ಬಾಗಿಲು ಹಾಕುತ್ತೇವೆ, ಅವರು ಕಣ್ಣು ಬೇರೆ ಕಡೆಗಿಡುತ್ತಾರೆ. ಅಷ್ಟೇ ವ್ಯತ್ಯಾಸ.

ದೇಹ ಹೇಳುವುದನ್ನು ಕೇಳು ಎಂದ ಆ ಡಾಕ್ಟರ್ ಹುಡುಗ ಬುದ್ಧಿವಂತ. ನೀನು ಕೇಳಿದ್ದು ಎಂತ? ಕಾಲು ಏನೂ ಹೇಳುವುದಿಲ್ಲ, ಹೊಟ್ಟೆ ಏನೂ ಹೇಳುವುದಿಲ್ಲ, ಎದೆಯೂ ಏನೂ ಹೇಳುವುದಿಲ್ಲ. ಇದನ್ನು ಆರೋಗ್ಯ ಎನ್ನುತ್ತೀಯಾ? ನನಗೆ ಬೆಳಿಗ್ಗೆ ಎದ್ದರೆ ಸೊಂಟ ಬೈಯುತ್ತದೆ, ಹಗ್ಗ ಎಳೆದರೆ ಅಂಗೈ ಉರಿಯುತ್ತದೆ, ಆಮೇಲೆ ಗಂಜಿ ರುಚಿಯಾಗುತ್ತದೆ. ಹಾಗೆಯೇ ನನಗೆ ನಾನಿದ್ದೇನೆಂದು ಗೊತ್ತಾಗುವುದು.

ಎಡಗಡೆಯ ಉಸಿರಿನ ಬಗ್ಗೆ ಬರೆದಿದ್ದಿ, ಯಾರದ್ದೆಂದು ಬರೆದಿಲ್ಲ. ನಿನ್ನ ಮನಸ್ಸಿನಲ್ಲಿ ಯಾರಿದ್ದಾರೆಂದು ನನಗೆ ಗೊತ್ತಾಗುವುದಿಲ್ಲವಾ? ಆದರೆ ಯೋಚಿಸು. ಸುಂದರಿಯನ್ನು ನಾವು ಹಿರಿಯರ ಜೊತೆ ಸೇರಿಸಿದ್ದೇವೆ. ಅವಳು ಇಲ್ಲಿ ಬಂದು ಉಂಡು, ಎಲೆ ಮಡಚಿ ಹೋಗಿದ್ದಾಳೆ. ಹಾಗಾದರೆ ಅಲ್ಲಿ ನಿನ್ನ ಪಕ್ಕ ನಿಲ್ಲುವುದು ಯಾರು?

ನನಗೆ ಒಂದೇ ಧೈರ್ಯ. ಆ ಎಲೆಯಲ್ಲಿ ಅನ್ನ ಖಾಲಿಯಾಗಿತ್ತು. ನೀನಿನ್ನೂ ಅನ್ನ ತಿನ್ನುವವನು. ಎಕ್ಸರ್ಸೈಜ್ ಬಿಡಬೇಡ, ಒಂದು ಸಾಲು ಹಿಂದೆ ಬಾ. ಮುಂದಕ್ಕೆ ಎಷ್ಟು ಸುಖ ಇದ್ದರೂ ಹಿಂದೆ ಬಾ.

ಅಕ್ಕ

ಆಂಗ್ ಮೋ ಕಿಯೋ
೪ ಸೆಪ್ಟೆಂಬರ್ ೧೯೯೪

ಅಕ್ಕನಿಗೆ,

ಅತ್ತಿಗೆ ಎಂದು ಬರೆಯಲು ಕೈ ಬರುತ್ತಿಲ್ಲ. ನೀವು ಅಕ್ಕ ಎಂದು ಸಹಿ ಮಾಡಿದ್ದೀರಿ.

ಪತ್ರ ನಿನ್ನೆ ಬಂತು. ಮೊದಲು ಸಿಟ್ಟು ಬಂತು. ಸೂಪರ್‌ಸ್ಟಿಷನ್ ಎಂದು ದೊಡ್ಡದಾಗಿ ಹೇಳಿದೆ. ಸ್ವರ ನನಗೇ ಕೇಳಲಿಲ್ಲ. ಗಂಟಲಿನಿಂದ ಹೊರಟದ್ದು ತುಟಿಯ ಹತ್ತಿರ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಆಗ ಹೆದರಿದೆ.

ಈ ದಿನ ಬೆಳಿಗ್ಗೆ ಕೆಳಗೆ ಹೋದೆ. ಸುಳ್ಳು ಬರೆಯುವುದಿಲ್ಲ, ಮೊದಲು ಮುಂದಿನ ಸಾಲಿಗೇ ಹೋಗಿ ನಿಂತೆ. ಕಾಲು ತಾನಾಗಿ ಅಲ್ಲಿಗೆ ಹೋಯಿತು. ಎಡಗಡೆ ಆ ಉಸಿರು ಆಗಲೇ ಕಾಯುತ್ತಿತ್ತು. ತಣ್ಣನೆಯ ಬೆರಳು ಈ ಸಲ ತಾಗಿದ್ದಲ್ಲ, ಹಿಡಿದದ್ದು. ನನಗೆ ಎಷ್ಟು ಹಿತವಾಯಿತೆಂದರೆ, ಅಕ್ಕ, ನಿಮ್ಮ ಪತ್ರವನ್ನು ಮರೆತುಬಿಡಲು ಅಷ್ಟೇ ಸಾಕಿತ್ತು. ಆದರೆ ನೀವು ಕೇಳಿದ ಪ್ರಶ್ನೆ ಬಿಡಲಿಲ್ಲ. ಸುಂದರಿ ನಲವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಊಟ ಬಿಡಲು ಒಮ್ಮೆಯೂ ಬಿಟ್ಟವಳಲ್ಲ. ಜ್ವರ ಬಂದರೆ ಗಂಜಿಯಾದರೂ ಬಾಯಿಗೆ ಹಾಕುತ್ತಿದ್ದಳು. ಈ ಕೈ ಹಿಡಿದಷ್ಟು ದಿನವೂ ನಾನು ಉಪವಾಸ.

ಕತ್ತು ತಿರುಗಿಸಿದೆ.

ಯಾರೂ ಇರಲಿಲ್ಲ. ಕಂಬ, ಕಂಬದಾಚೆ ಹುಲ್ಲು, ಹುಲ್ಲಿನ ಮೇಲೆ ಯಾರೋ ಇಟ್ಟ ಅನ್ನವನ್ನು ಹೆಕ್ಕುವ ಗೊರವಂಕಗಳು. ಉಸಿರು ಮಾತ್ರ ನಿಲ್ಲಲಿಲ್ಲ. ನಾನು ತಿರುಗಿದ ಮುಖದ ಮೇಲೆಯೇ ಬಂತು, ಒದ್ದೆ ಮಣ್ಣಿನ ವಾಸನೆ. ಕೈಯನ್ನು ಎಳೆದುಕೊಂಡೆ. ಸುಲಭಕ್ಕೆ ಬರಲಿಲ್ಲ. ಕಿರುಬೆರಳು ಈಗಲೂ ಬೆಳ್ಳಗಿದೆ. ಒಂದು ಹೆಜ್ಜೆ ಹಿಂದೆ ಇಟ್ಟೆ, ಇನ್ನೊಂದು ಇಟ್ಟೆ. ಎರಡನೇ ಸಾಲಿನವರು ನನ್ನನ್ನು ನೋಡದೆಯೇ ಸರಿದು ಜಾಗ ಮಾಡಿದರು.

ನಿಂತ ಕೂಡಲೇ ಮೊಣಕಾಲು ಕಟಕ್ ಎಂದಿತು. ಕಿವಿಯ ಜೀರುಂಡೆ ಶುರುವಾಯಿತು. ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಕೈಯಿಡಬೇಕಾಗಿಯೇ ಇರಲಿಲ್ಲ. ಎಲ್ಲ ನೋವೂ ಒಟ್ಟಿಗೆ ಬಂತು, ಮನೆಗೆ ನೆಂಟರು ಬಂದ ಹಾಗೆ. ಸುಂದರಿ ಸತ್ತಿದ್ದಾಳೆ ಎಂಬುದೂ ಬಂತು. ಅದು ಇಷ್ಟು ದಿನ ಎಲ್ಲಿತ್ತೋ.

ಟೇಪ್ ಮುಗಿದ ಮೇಲೆ ಮೇಡಂ ಚುವಾ ಹಿಂದಿನ ಕಂಬದಿಂದ ನನ್ನ ಹತ್ತಿರ ಬಂದಳು. ಮೊದಲ ಸಲ ನನ್ನ ಕಣ್ಣನ್ನು ನೋಡಿ ಮಾತಾಡಿದಳು.

“ಅಂಕಲ್, ಸೆವೆಂತ್ ಮಂತ್, ಫ್ರಂಟ್ ರೋ ನಾಟ್ ಫಾರ್ ಅಸ್. ಓಲ್ಡ್ ಮೆಂಬರ್ಸ್ ಆಲ್ರೆಡಿ ಗೋ, ವಿ ಕೀಪ್ ಫಾರ್ ದೆಮ್.”

ಇದು ಚೀನೀ ಪಂಚಾಂಗದ ಏಳನೇ ತಿಂಗಳು, ಸತ್ತ ಹಳೆಯ ಸದಸ್ಯರು ಈ ಒಂದು ತಿಂಗಳು ಬಂದು ನಿಲ್ಲಲೆಂದು ಬಿಟ್ಟ ಸಾಲಂತೆ. ನಾಳೆ ತಿಂಗಳು ಮುಗಿಯುತ್ತದಂತೆ. “ಹಾಗಾದ್ರೆ ನನ್ನನ್ನು ಯಾಕೆ ಕರೀಲಿಲ್ಲ ಮೇಡಂ? ಒಂದು ಸಲ ಅಂಕಲ್ ಅಂತ ಕೂಗಿದ್ರೆ ಸಾಕಿತ್ತಲ್ಲ?” ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದೆ.

ಅವಳು ಮುಂದಿನ ಸಾಲಿನ ಕಡೆ ನೋಡದೆ, ಸ್ವರ ತಗ್ಗಿಸಿ, “ಐ ಕಾಲ್ ಅಂಕಲ್, ಅದರ್ ಅಂಕಲ್ ಟರ್ನ್ ಅರೌಂಡ್, ಹೌ?” ಎಂದಳು.

ಅಂಕಲ್ ಎಂದು ಕರೆದು ಆ ಸಾಲಿನ ಬೇರೆ ಯಾರಾದರೂ ತಿರುಗಿದರೆ ಏನು ಮಾಡಲಿ ಎಂಬುದು ಅವಳ ಪ್ರಶ್ನೆ. ಇಷ್ಟು ಜನ ದಿನಾ ಬೆಳಿಗ್ಗೆ ನನ್ನ ಬೆನ್ನನ್ನು ನೋಡುತ್ತ, ಇವನು ಆ ಕಡೆಯವನೋ ಈ ಕಡೆಯವನೋ ಎಂದು ತಿಳಿಯದೆ ನಿಂತಿದ್ದರು ಅಕ್ಕ.

ಆ ಹೊತ್ತಿಗೆ ನನ್ನ ಹೊಟ್ಟೆ ಗುರ್ ಎಂದಿತು. ಸಣ್ಣ ಸದ್ದಲ್ಲ, ಕಂಬಗಳ ನಡುವೆ ಎಲ್ಲರಿಗೂ ಕೇಳುವ ಹಾಗೆ. ಮುದುಕಿಯರು ಬಾಯಿ ಮುಚ್ಚಿ ನಕ್ಕರು. ಮೇಡಂ ಚುವಾ ಮಾತ್ರ ನಗಲಿಲ್ಲ. ಈ ಊರಿನವರು ಎದುರು ಸಿಕ್ಕಿದವರನ್ನು ಹೇಗಿದ್ದೀರಿ ಎನ್ನುವುದಿಲ್ಲ, ಬೇರೆ ಒಂದು ಮಾತು ಕೇಳುತ್ತಾರೆ. ಹಿಂದಿನ ಸಾಲುಗಳಲ್ಲಿ ಆ ಮಾತು ದಿನಾ ಓಡಾಡುತ್ತಿತ್ತು, ನನ್ನವರೆಗೆ ಬಂದಿರಲಿಲ್ಲ. ಈಗ ಅವಳು ನನ್ನ ತೋಳನ್ನು ಹಿಡಿದು ಕೇಳಿದಳು. ಅವಳ ಕೈ ಬಿಸಿಯಾಗಿತ್ತು.

“ಅಂಕಲ್, ಯು ಈಟ್ ಆಲ್ರೆಡಿ ಆರ್ ನಾಟ್?”

“ನಾಟ್ ಯೆಟ್” ಎಂದೆ. ಎಲ್ಲರಿಗೂ ಕೇಳಿಸಿತು.

ಜಯರಾಮ